ಎರಡು ಗೋಡೆಗಳ ಹಿಂದಿನ ನಾಲಿಗೆ

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಯೆಹೂದ್ಯರ ಹಿರಿಯರು ಇದೇ ನಾಲಿಗೆಯನ್ನು ಕುರಿತು ಇನ್ನೊಂದು ಬಗೆಯಲ್ಲಿ ಯೋಚಿಸಿದರು. ದೇವರು ಉಳಿದ ಅವಯವಗಳನ್ನು ನೆಟ್ಟಗೆ ನಿಲ್ಲಿಸಿ ನಾಲಿಗೆಯನ್ನು ಮಾತ್ರ ಮಲಗಿಸಿದನಂತೆ. ಉಳಿದವನ್ನು ಹೊರಗಿಟ್ಟು ಇದನ್ನು ಒಳಗಿಟ್ಟನಂತೆ. ಅದೂ ಸಾಲದೆ ಎಲುಬಿನದೊಂದು, ಮಾಂಸದ್ದೊಂದು ಗೋಡೆ ಕಟ್ಟಿದನಂತೆ. ಹಲ್ಲು, ತುಟಿಗಳೇ ಆ ಗೋಡೆಗಳು. ಈ ಮಾತು ಅವರ ಟಾಲ್ಮುಡ್ ಗ್ರಂಥದಲ್ಲಿದೆ.

ಈ ಚಿಂತನೆಯ ಬೇರು ಬೈಬಲ್ಲಿನ ಹಳೆಯ ಒಡಂಬಡಿಕೆಯಷ್ಟು ಹಿಂದಕ್ಕೆ ಹೋಗುತ್ತದೆ. ಪ್ರವಾದಿ ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದದ್ದನ್ನು ಅವನ ಅಕ್ಕ ಮಿರ್ಯಾಮಳು ಆಡಿಕೊಂಡಳು. ಆಕೆಯ ಮೈಗೆ ತೊನ್ನು ಹತ್ತಿತು; ಏಳು ದಿನ ಪಾಳೆಯದ ಹೊರಗಿರಬೇಕಾಯಿತು. ಆ ಏಳು ದಿನವೂ ಇಡೀ ಜನಸಮೂಹ ಮುಂದೆ ಹೆಜ್ಜೆಯಿಡದೆ ಕಾಯಿತು. ಒಬ್ಬಳ ಮಾತಿನಿಂದ ಎಲ್ಲರ ಪ್ರಯಾಣ ನಿಂತಿತು.

ಇಂಥ ಮಾತಿಗೆ ಅವರು 'ಲಾಶೋನ್ ಹಾರಾ', ಅಂದರೆ ಕೆಟ್ಟ ನಾಲಿಗೆ, ಎಂದು ಹೆಸರಿಟ್ಟರು. 12ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಮಹಾವಿದ್ವಾಂಸ ಮೈಮೊನಿಡೀಸ್ ಇದನ್ನು ವಿಂಗಡಿಸಿ ಹೇಳಿದ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸುವ ಚಾಡಿ ಒಂದು. ಇಲ್ಲದ್ದನ್ನು ಕಟ್ಟಿ ಹೆಸರು ಕೆಡಿಸುವುದು ಇನ್ನೊಂದು. ಕೆಟ್ಟ ನಾಲಿಗೆಯೆಂದರೆ ನಿಜವನ್ನೇ ಹೇಳಿ ಒಬ್ಬರನ್ನು ಕೀಳುಮಾಡುವುದು. "ಇದ್ದದ್ದನ್ನೇ ಹೇಳಿದೆವಲ್ಲ" ಎಂಬ ನಮ್ಮ ನಿತ್ಯದ ಸಮಾಧಾನಕ್ಕೆ ಇಲ್ಲಿ ಎಡೆಯೇ ಇಲ್ಲ. ಈ ನಾಲಿಗೆ ಮೂವರನ್ನು ಕೊಲ್ಲುತ್ತದೆ: ಹೇಳಿದವನನ್ನು, ಕೇಳಿದವನನ್ನು, ಯಾರ ಮಾತು ಬಂದಿತೋ ಅವನನ್ನು. ಮೂವರಲ್ಲಿ ಕೇಳಿದವನಿಗೇ ಹೆಚ್ಚು ದೋಷ ಎಂದ ಮೈಮೊನಿಡೀಸ್.

ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಸುಟ್ಟರು. ರೋಮನ್ ಅಧಿಕಾರಿಗಳ ಸುಲಿಗೆ, 66ರಲ್ಲಿ ಎದ್ದ ದಂಗೆ, ಒಳಜಗಳ ಇವನ್ನು ಇತಿಹಾಸಕಾರರು ಕಾರಣವಾಗಿ ಕೊಡುತ್ತಾರೆ. ಟಾಲ್ಮುಡ್ ಮಾತ್ರ ಒಂದು ಔತಣದ ಕಥೆ ಹೇಳುತ್ತದೆ. ಒಬ್ಬ ಗೃಹಸ್ಥನಿಗೆ ಕಮ್ಜಾ ಮಿತ್ರ, ಬಾರ್ ಕಮ್ಜಾ ಶತ್ರು. ಮಿತ್ರನನ್ನು ಕರೆಯಹೋದ ಆಳು ಹೆಸರು ತಪ್ಪಿ ಶತ್ರುವನ್ನು ಕರೆತಂದ. ಗೃಹಸ್ಥ "ಏಳು, ಹೊರಡು" ಎಂದ. ಬಂದವನು ತನ್ನ ಊಟದ ಬೆಲೆ ಕೊಡುವೆನೆಂದ, ಅರ್ಧ ಔತಣದ ಖರ್ಚು ಕೊಡುವೆನೆಂದ, ಕೊನೆಗೆ ಪೂರ್ತಿ ಖರ್ಚನ್ನೇ ಕೊಡುವೆನೆಂದ. ಫಲವಾಗಲಿಲ್ಲ, ಕೈ ಹಿಡಿದು ಹೊರಗೆ ಹಾಕಿದರು. ಅವಮಾನಕ್ಕಿಂತ ಅವನನ್ನು ಹೆಚ್ಚು ಸುಟ್ಟದ್ದು ಪಂಕ್ತಿಯಲ್ಲಿ ಕುಳಿತ ಪಂಡಿತರ ಮೌನ. ಅವನು ಚಕ್ರವರ್ತಿಯ ಬಳಿ ಹೋಗಿ ಯೆಹೂದ್ಯರು ದಂಗೆಯೆದ್ದಿದ್ದಾರೆಂದು ಚಾಡಿ ಹೇಳಿದ. ಕಥೆ ಇತಿಹಾಸವಲ್ಲದಿರಬಹುದು. ಆದರೆ ಸೋತ ಜನಾಂಗವೊಂದು ಶತ್ರುವನ್ನು ಮಾತ್ರ ದೂರದೆ, ತನ್ನ ಊಟದ ಮನೆಯೊಳಗೇ ಸೋಲಿನ ಕಾರಣ ಹುಡುಕಿತೆಂಬುದು ಇತಿಹಾಸ.

ಮುಂದೆ ಚದುರಿಹೋದ ಆ ಜನರಿಗೆ ರಾಜ್ಯವಿರಲಿಲ್ಲ, ಸೈನ್ಯವಿರಲಿಲ್ಲ. ಸಾಲ, ವ್ಯಾಪಾರ, ಮದುವೆಗಳೆಲ್ಲ ನಡೆಯಬೇಕಾದದ್ದು ಒಳ್ಳೆಯ ಹೆಸರಿನ ಮೇಲೆ. ಸುಮಾರು ಕ್ರಿ.ಶ. 1000ದಲ್ಲಿ ಜರ್ಮನಿಯ ಮೈನ್ಝ್ ನಗರದಲ್ಲಿದ್ದ ಗುರು ಗೆರ್ಶೋಮನ ಹೆಸರಿನಲ್ಲಿ ಬಂದ ಕಟ್ಟಳೆಗಳಲ್ಲಿ ಪರರ ಕಾಗದ ಒಡೆದು ಓದುವುದಕ್ಕೂ ಬಹಿಷ್ಕಾರವಿದೆ.

1873ರಲ್ಲಿ ವಿಲ್ನಾ ನಗರದಲ್ಲಿ ಕರ್ತೃವಿನ ಹೆಸರಿಲ್ಲದ ಪುಸ್ತಕವೊಂದು ಹೊರಬಂತು. ಹೆಸರು 'ಹಾಫೆಟ್ಸ್ ಹಾಯೀಮ್', ಅಂದರೆ ಬಾಳನ್ನು ಬಯಸುವವನು. ಬರೆದವರು ಇಂದಿನ ಬೆಲರೂಸಿನ ರಾದಿನ್ ಎಂಬ ಸಣ್ಣ ಊರಿನ ಇಸ್ರೇಲ್ ಮೇಯಿರ್ ಕಗಾನ್. ಅವರ ಮನೆಯಲ್ಲಿ ಪುಟ್ಟ ಕಿರಾಣಿ ಅಂಗಡಿಯಿತ್ತು. ಹೆಂಡತಿ ಅದನ್ನು ನೋಡಿಕೊಳ್ಳುತ್ತಿದ್ದರು. 1933ರಲ್ಲಿ ತೀರಿಕೊಳ್ಳುವ ವೇಳೆಗೆ ಪುಸ್ತಕದ ಹೆಸರೇ ಅವರ ಹೆಸರಾಗಿಬಿಟ್ಟಿತ್ತು.

ಬಾಯಿ ಮುಚ್ಚಿಕೊಂಡಿರಿ ಎಂದಷ್ಟೇ ಹೇಳಿ ಅವರು ಬಿಡಲಿಲ್ಲ. ಹೇಳದಿದ್ದರೆ ಇನ್ನೊಬ್ಬನಿಗೆ ಕೇಡಾಗುವುದಾದರೆ ಹೇಳಲೇಬೇಕು. ವರನ ದೋಷ, ವ್ಯಾಪಾರದ ಪಾಲುಗಾರನ ಮೋಸ ಬಲ್ಲವನು ಸುಮ್ಮನಿರಬಾರದು. ಆದರೆ ಅನ್ಯಾಯವನ್ನು ಬಯಲಿಗೆಳೆಯುವವನಿಗೆ ಏಳು ನಿಬಂಧನೆಗಳುಂಟು. ತಾನೇ ಕಂಡಿರಬೇಕು, ಅದು ತಪ್ಪೇ ಎಂದು ಖಚಿತವಾಗಿರಬೇಕು, ಮೊದಲು ತಪ್ಪಿತಸ್ಥನಿಗೇ ಬುದ್ಧಿ ಹೇಳಿರಬೇಕು, ಉಪ್ಪು ಖಾರ ಹಚ್ಚಬಾರದು, ಉದ್ದೇಶ ಒಳಿತಾಗಿರಬೇಕು, ಬೇರೆ ದಾರಿ ಇರಬಾರದು, ನ್ಯಾಯವಾಗಿ ಆಗಬೇಕಾದ್ದಕ್ಕಿಂತ ಹೆಚ್ಚಿನ ಹಾನಿ ಅವನಿಗಾಗಬಾರದು.

ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ನೆಲೆಸಿದ ನಾವೂ ಒಂದು ಚಿಕ್ಕ ಊರೇ. "ನಿಮ್ಮ ಪೈಕಿಯ ಹುಡುಗನಂತೆ, ಹೇಗೆ?" ಎಂದು ನಮ್ಮನ್ನು ಕೇಳುತ್ತಾರೆ. ನಮ್ಮ ಒಂದು ರಾಗದ "ಹೂಂ..." ಒಂದು ಸಂಬಂಧವನ್ನು ಮುರಿಯಬಲ್ಲದು. ಹಬ್ಬದೂಟದ ಪಂಕ್ತಿಯಲ್ಲಿ ಬಂದ ಒಂದು ಮಾತಿಗಾಗಿ ಸಂಘದ ಮೆಟ್ಟಿಲು ಹತ್ತುವುದನ್ನೇ ಬಿಟ್ಟ ಮನೆಯವರು ನಮ್ಮಲ್ಲೂ ಇದ್ದಾರೆ. ಆ ಮಾತನ್ನು ನಾವು ಆಡಲಿಲ್ಲ, ನಿಜ. ಆದರೆ ಅದೇ ಪಂಕ್ತಿಯಲ್ಲಿ ಕುಳಿತು ಕೇಳಿದ್ದೆವು, ಊಟ ಮುಗಿಸಿ ಎದ್ದು ಬಂದಿದ್ದೆವು.