ಸಾವನದುರ್ಗ: ಕೋಟೆ ಮತ್ತು ಅದರ ಚಿತ್ರಗಳು

ವಿಜಯನಗರದ ನಮ್ಮ ಮಿತ್ರರೊಬ್ಬರು ರಜೆಯಲ್ಲಿ ಜರ್ಮನಿಗೆ ಹೋಗಿ ಬಂದಿದ್ದರು. ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಫೋಟೋಗಳನ್ನು ತೋರಿಸುತ್ತಾ, 'ಇಂಥದ್ದು ನಮ್ಮಲ್ಲಿ ಎಲ್ಲಿದೆ ಹೇಳಿ' ಎಂದರು. ಗುಡ್ಡದ ನೆತ್ತಿ, ಬಿಳಿಯ ಗೋಪುರಗಳು, ಕೆಳಗೆ ಹಸಿರು ಕಣಿವೆ. ಚೆಲುವಾಗಿಯೇ ಇತ್ತು. ಆದರೆ ಅವರ ಮನೆಯ ಹತ್ತಿರವೇ ಹಾದುಹೋಗುವ ಮಾಗಡಿ ರಸ್ತೆಯಲ್ಲಿ ನೇರ ಪಶ್ಚಿಮಕ್ಕೆ ಹೊರಟರೆ, ಸುಂಕದಕಟ್ಟೆ, ತಾವರೆಕೆರೆ ದಾಟಿ ಎರಡು ತಾಸಿನೊಳಗೆ ಸಾವನದುರ್ಗ ಸಿಗುತ್ತದೆ. ಮಿತ್ರರು ಅದನ್ನು ನೋಡಿರಲಿಲ್ಲ. ಮುಂದಿನ ಭಾನುವಾರ ಅವರನ್ನೂ ಕರೆದುಕೊಂಡು ಹೊರಟೆವು.

ನಾಯ್‌ಶ್ವಾನ್‌ಸ್ಟೈನ್ ಯುದ್ಧಕ್ಕಾಗಿ ಕಟ್ಟಿದ್ದಲ್ಲ. ದೊರೆ ಎರಡನೆಯ ಲುಡ್ವಿಗ್ 1869ರಲ್ಲಿ ಅದರ ಕೆಲಸ ಆರಂಭಿಸಿದಾಗ ಬೆಟ್ಟದ ಕೋಟೆಗಳ ಕಾಲ ಮುಗಿದೇ ಹೋಗಿತ್ತು. ಹಳೆಯ ಕಾಲದ ಮೇಲಿನ ಮೋಹಕ್ಕೆ ಆತ ಹಣ ಸುರಿದ. 1886ರಲ್ಲಿ ಆತ ಸತ್ತ ಕೆಲವೇ ವಾರಗಳಲ್ಲಿ ಅದನ್ನು ಜನರ ವೀಕ್ಷಣೆಗೆ ತೆರೆಯಲಾಯಿತು. ಅದರ ಗೋಡೆಗೆ ಯಾರೂ ಏಣಿ ಹಾಕಲಿಲ್ಲ.

ಸಾವನದುರ್ಗದ ಮಾತು ಬೇರೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಈ ಬೆಟ್ಟಕ್ಕೆ ಎರಡು ನೆತ್ತಿಗಳು: ಕರಿಗುಡ್ಡ ಮತ್ತು ಬಿಳಿಗುಡ್ಡ. ನಡುವೆ ಆಳವಾದ ಕೊರಕಲು. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಶಾಸನದಲ್ಲಿ ಇದು 'ಸಾವಂದಿ'. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ಮನೆತನ ಮಾಗಡಿಯಲ್ಲಿ ನೆಲೆಸಿತು. ಆಗ ಈ ದುರ್ಗವೇ ಅವರಿಗೆ ಆಸರೆ. 1728ರಲ್ಲಿ ಮೈಸೂರಿನ ದಳವಾಯಿ ಇದನ್ನು ಗೆದ್ದ. ಮಾಗಡಿಯ ಕೊನೆಯ ಪಾಳೆಯಗಾರ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಮುಂದೆ ಇದು ಹೈದರ್ ಮತ್ತು ಟಿಪ್ಪುವಿನ ಕೈಗೆ ಬಂತು.

1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೂ ಹೋದ. ಆದರೆ ದವಸ ಮುಗಿದು, ಎತ್ತುಗಳು ಸತ್ತು, ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಬೆಂಗಳೂರಿನಿಂದ ಸಾಗುವ ದವಸಧಾನ್ಯದ ದಾರಿ ಭದ್ರವಾಗದೆ ಮತ್ತೊಮ್ಮೆ ಹೊರಡುವಂತಿರಲಿಲ್ಲ. ಆ ದಾರಿಯ ಪಕ್ಕದಲ್ಲಿತ್ತು ಸಾವನದುರ್ಗ. ಸುತ್ತಲೂ ಬಿದಿರಿನ ದಟ್ಟ ಕಾಡು, ಕಾಡಿನಲ್ಲಿ ಜ್ವರ. ಮುತ್ತಿಗೆ ಹಾಕಿದವರಲ್ಲಿ ಅರ್ಧ ಜನರನ್ನು ರೋಗವೂ ಉಳಿದರ್ಧವನ್ನು ಕೋಟೆಯೂ ಮುಗಿಸುತ್ತವೆಂದು ಟಿಪ್ಪು ನಂಬಿದ್ದನಂತೆ. ಈ ಮಾತನ್ನು ಬರೆದವರು ಇಂಗ್ಲಿಷರು. ಹಾಗಾಗಿ ಎಚ್ಚರಿಕೆಯಿಂದಲೇ ಓದಬೇಕು.

ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟ್‌ನ ತುಕಡಿ ಬಂದಿಳಿಯಿತು. ಕಾಡು ಕಡಿದು, ಬಂಡೆಗಳ ಮೇಲೆ ಫಿರಂಗಿ ಎಳೆದರು. 17ರಂದು ಗುಂಡಿನ ಸುರಿಮಳೆ ಆರಂಭವಾಯಿತು. 21ರ ಬೆಳಿಗ್ಗೆ ವಾದ್ಯದವರು ಇಂಗ್ಲಿಷ್ ಯುದ್ಧಗೀತೆ ನುಡಿಸುತ್ತಿರಲು ಸೈನಿಕರು ಗೋಡೆಯ ಬಿರುಕಿನತ್ತ ನುಗ್ಗಿದರು. ಒಂದು ನೆತ್ತಿ ಕೈಬಿಟ್ಟರೂ ಇನ್ನೊಂದರಿಂದ ಕಾದಬಹುದೆಂಬುದು ಕೋಟೆಯವರ ಲೆಕ್ಕಾಚಾರವಾಗಿತ್ತು. ಆದರೆ ಎರಡನೆಯ ನೆತ್ತಿಯತ್ತ ಧಾವಿಸಿದವರ ಬೆನ್ನಟ್ಟಿಯೇ ಶತ್ರುವೂ ಒಳಹೊಕ್ಕ. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಆ ದಾಳಿಯಲ್ಲಿ ಇಂಗ್ಲಿಷರ ಕಡೆ ಒಬ್ಬನೂ ಸಾಯಲಿಲ್ಲ. ಟಿಪ್ಪುವಿನ ಸಿಪಾಯಿಗಳಲ್ಲಿ ನೂರಕ್ಕೂ ಹೆಚ್ಚು ಜನ ಕೊಲ್ಲಲ್ಪಟ್ಟರು, ಇನ್ನೆಷ್ಟೋ ಮಂದಿ ತಪ್ಪಿಸಿಕೊಳ್ಳಲು ಹೋಗಿ ಪ್ರಪಾತಕ್ಕೆ ಬಿದ್ದರು ಎಂದು ಗೆದ್ದವರೇ ಬರೆದಿದ್ದಾರೆ.

ಅದೇ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಇದ್ದ. ಆತ ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಸಾವನದುರ್ಗವೂ ಇದೆ: ಗಂಭೀರವಾದ ಬೆಟ್ಟ, ಸುತ್ತ ಮರಗಳು. ಲಂಡನ್ನಿನ ದಿವಾನಖಾನೆಗಳಲ್ಲಿ ಅದನ್ನು ನೋಡಿದವರಿಗೆ ಇದು ರಮ್ಯ ತಾಣ. 'ಸಾವಿನ ದುರ್ಗ' ಎಂಬ ಅರ್ಥ ಅವರಿಗೆ ಇನ್ನಷ್ಟು ರೋಚಕವೆನಿಸಿರಬೇಕು. ಸಾವಂದಿ ಎಂಬ ಹೆಸರು ಅದಕ್ಕೆ ನಾಲ್ಕೂವರೆ ಶತಮಾನ ಹಿಂದಿನದು ಎಂಬುದನ್ನು ಯಾರು ಕೇಳುತ್ತಾರೆ? ನಾವು ಇಂದಿಗೂ ಬೆಟ್ಟದ ಕೋಟೆಯ ಮುಂದೆ ನಿಂತು ಫೋಟೋ ತೆಗೆಯುವಾಗ ಬಹುಪಾಲು ಹೋಮ್ ನಿಂತ ಜಾಗದಲ್ಲಿಯೇ ನಿಲ್ಲುತ್ತೇವೆ, ಮುತ್ತಿಗೆ ಹಾಕಿದವರ ಕಡೆ.

ಇಲ್ಲಿ ಇನ್ನೊಂದು ಕಥೆಯೂ ನಡೆದಿದೆ, ಅದು ಸಿನಿಮಾದ್ದು. ಇಂಗ್ಲಿಷ್ ಹೆಣ್ಣುಮಗಳನ್ನು ಬೆಟ್ಟ ತೋರಿಸಲು ಪ್ರೀತಿಯಿಂದ ಕರೆದೊಯ್ದು ಆರೋಪಕ್ಕೆ ಸಿಲುಕುವ ಡಾಕ್ಟರ್ ಅಝೀಝ್‌ನ ಕಥೆ 'ಎ ಪ್ಯಾಸೇಜ್ ಟು ಇಂಡಿಯಾ'. ಡೇವಿಡ್ ಲೀನ್ 1984ರ ತನ್ನ ಚಿತ್ರದಲ್ಲಿ ಮರಬಾರ್ ಗುಹೆಗಳ ದೃಶ್ಯಗಳಿಗೆ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು ಬಳಸಿಕೊಂಡ.

ಬುಡದಲ್ಲಿ ವೀರಭದ್ರ, ನರಸಿಂಹ ದೇವಾಲಯಗಳಿಗೆ ಬಂದವರ ಗದ್ದಲವಿತ್ತು. ಅಲ್ಲೇ ಒಂದು ಮಝಾರ್ ಕೂಡ ಇದೆ. ಕರಿಗುಡ್ಡದ ಇಳಿಜಾರಿನಲ್ಲಿ ನಾವು ಅನೇಕ ಬಾರಿ ಕೈಯೂರಿ ಏರಿದೆವು. ದಾರಿಯುದ್ದಕ್ಕೂ ಮುರಿದ ಗೋಡೆ, ನೆತ್ತಿಯಲ್ಲಿ ನಂದಿ ಮಂಟಪ. ಏದುಸಿರು ಬಿಡುತ್ತಿದ್ದ ಮಿತ್ರರು ಕ್ಯಾಮೆರಾ ತೆಗೆಯಲಿಲ್ಲ. ಎದುರಿನ ಬಿಳಿಗುಡ್ಡವನ್ನೂ ನಡುವಿನ ಕೊರಕಲನ್ನೂ ಬಹಳ ಹೊತ್ತು ನೋಡಿ, 'ಓಡಿದ್ದು ಈ ಕಡೆಗಾ?' ಎಂದು ಕೇಳಿದರು.