ತೋಳು ಮಡಚುವ ನಾಯಕ, ಕೈ ಎತ್ತುವ ಮಗು

ಬಡ ಮಕ್ಕಳು ಅಧಿಕಾರಿಯೊಬ್ಬನ ದರ್ಪದ ಎದುರು ನಿಂತು ನ್ಯಾಯ ಕೇಳುವ ಕನ್ನಡ ಸಿನಿಮಾ ಯಾವುದು ಅಂತ ಯಾರಾದರೂ ಕೇಳಿದರೆ ಬಹಳ ಮಂದಿ ಹೇಳುವುದು 2018ರಲ್ಲಿ ರಿಷಬ್ ಶೆಟ್ಟಿ ಮಾಡಿದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಆ ಚಿತ್ರ ನೋಡಿದ ಮೇಲೆ ನನ್ನ ತಲೆಯಲ್ಲಿ ಸುಳಿದದ್ದು ಮಾತ್ರ ನಮ್ಮ ಬಾಗಲಕೋಟೆ ಸೀಮೆ. ಕಾಸರಗೋಡಿಗೂ ಹುನಗುಂದಕ್ಕೂ ಎತ್ತಣಿಂದೆತ್ತ ಸಂಬಂಧ ಅಂತೀರಾ? ಇದೆ, ಸ್ವಲ್ಪ ತಾಳಿ...

ಅನ್ಯಾಯಕ್ಕೆ ಉತ್ತರ ಹೇಳುವ ಕಥೆಗಳು ನಮ್ಮ ಕಡೆ ಎರಡು ಥರ. ಒಂದರಲ್ಲಿ ಬಲಶಾಲಿಯೊಬ್ಬ ಬಂದು ಎಲ್ಲ ಸರಿ ಮಾಡುತ್ತಾನೆ. ಇನ್ನೊಂದರಲ್ಲಿ ಚಿಕ್ಕವನೊಬ್ಬ ಎದ್ದು ಪ್ರಶ್ನೆ ಕೇಳುತ್ತಾನೆ. ಎರಡಕ್ಕೂ ನಮ್ಮ ಜಿಲ್ಲೆಯಲ್ಲೇ ಹಳೆಯ ಗುರುತುಗಳಿವೆ.

ಮೊದಲನೆಯದಕ್ಕೆ ಬಾದಾಮಿಗೆ ಹೋಗಬೇಕು. ಅಲ್ಲಿಯ ಕೆರೆಯ ಹತ್ತಿರದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಏಳು-ಎಂಟನೇ ಶತಮಾನದ್ದು. ಕನ್ನಡದ ತ್ರಿಪದಿ ಮೊಟ್ಟಮೊದಲು ಕಾಣುವುದು ಅಲ್ಲೇ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ತಿರುಳು ಇಷ್ಟೇ: ಒಳ್ಳೆಯವರಿಗೆ ಈತ ಒಳ್ಳೆಯವ, ಕೆಣಕಿದವರಿಗೆ ಮಾತ್ರ ಸಾಮಾನ್ಯನಲ್ಲ. ಸ್ವಲ್ಪ ಯೋಚಿಸಿ ನೋಡಿ, ನಮ್ಮ ಸಿನಿಮಾ ನಾಯಕನ ಪರಿಚಯವೂ ಇವತ್ತಿನವರೆಗೆ ಇದೇ ಅಲ್ಲವೇ!

ಎರಡನೆಯದು ಹುನಗುಂದ ತಾಲ್ಲೂಕಿನ ಕೂಡಲಸಂಗಮದ್ದು. ಹನ್ನೆರಡನೇ ಶತಮಾನದ ಬಸವಣ್ಣನವರ ಬಗ್ಗೆ ಪರಂಪರೆ ಹೇಳುವ ಕಥೆ ನಿಮಗೆಲ್ಲ ಗೊತ್ತು. ಎಂಟು ವರ್ಷದ ಬಾಲಕನಿಗೆ ಬಾಗೇವಾಡಿಯ ಮನೆಯಲ್ಲಿ ಮುಂಜಿವೆ ಮಾಡಲು ಹೊರಟರೆ, ಅಕ್ಕನಿಗಿಲ್ಲದ ಜನಿವಾರ ನನಗೇಕೆ ಅಂತ ಅವನು ಕೇಳಿದನಂತೆ. ದೊಡ್ಡವರ ಹತ್ತಿರ ಉತ್ತರವಿರಲಿಲ್ಲ. ಹುಡುಗ ಮನೆ ಬಿಟ್ಟು ಸಂಗಮಕ್ಕೆ ನಡೆದ. ಇತಿಹಾಸಕಾರರು ಇದನ್ನು ಹೇಗೆ ಬೇಕಾದರೂ ತೂಗಲಿ, ಜನ ಎಂಟುನೂರು ವರ್ಷ ಕಾಪಾಡಿಕೊಂಡು ಬಂದ ಕಥೆಯಲ್ಲಿ ನ್ಯಾಯದ ಮಾತೆತ್ತಿದವನು ಒಬ್ಬ ಮಗು. ಅವನ ಕೈಯಲ್ಲಿ ಕತ್ತಿಯಿಲ್ಲ, ಇರುವುದು ಒಂದೇ ಪ್ರಶ್ನೆ.

ಈಗ ರಂಗಭೂಮಿಗೆ ಬರೋಣ. ಹುನಗುಂದ-ಇಳಕಲ್ ಸೀಮೆ ಕಂಪನಿ ನಾಟಕಗಳ ತವರು. ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರು ಇದೇ ತಾಲ್ಲೂಕಿನವರು. ವಿಜಯಪುರದ ರಂಗಮಂದಿರಕ್ಕೆ ಇವರದೇ ಹೆಸರಿದೆ. ಅವರ ನಂತರದ ಪೀಳಿಗೆಯ ಪಿ.ಬಿ. ಧುತ್ತರಗಿಯವರು ನೇಕಾರರ ಊರಾದ ಸೂಳೇಬಾವಿಯವರು. ಪುರಾಣದ ಕಿರೀಟಗಳನ್ನು ಬದಿಗಿಟ್ಟು ರೈತನ ಮನೆ, ಸಾಹುಕಾರನ ಪಡಸಾಲೆಗಳನ್ನು ರಂಗದ ಮೇಲೆ ತಂದವರು. ಅವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ಎ.ವಿ. ಶೇಷಗಿರಿರಾವ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ರಾಜಕುಮಾರ್, ಮಂಜುಳಾ, ವಜ್ರಮುನಿ... ಎಮ್ಮೆ ಮೇಲೆ ಕೂತು ಅಣ್ಣಾವ್ರು ಹಾಡಿದ್ದನ್ನು ಯಾರು ಮರೆತಾರು? ಆ ಚಿತ್ರದ ಬೇರು ಹುನಗುಂದ ತಾಲ್ಲೂಕಿನಲ್ಲಿದೆ ಅನ್ನುವುದು ಮಾತ್ರ ಎಷ್ಟೋ ಅಭಿಮಾನಿಗಳಿಗೆ ಗೊತ್ತಿಲ್ಲ.

ಶೀರ್ಷಿಕೆ ಗಮನಿಸಿ. ಸಂಪತ್ತಿಗೇ ಸವಾಲು! ಸಾಲದ ಸುಳಿಯಲ್ಲಿ ಸಿಕ್ಕ ಬಡ ಮನೆತನ ಸಾಹುಕಾರನನ್ನು ಎದುರು ಹಾಕಿಕೊಳ್ಳುವುದು ಆ ಕಾಲದ ಪ್ರೇಕ್ಷಕನಿಗೆ ಕಟ್ಟುಕಥೆಯಾಗಿರಲಿಲ್ಲ. ಅವನ ಮನೆಯ ಲೆಕ್ಕವೂ ಯಾರದೋ ಖಾತೆ ಪುಸ್ತಕದಲ್ಲಿರುತ್ತಿತ್ತು. ಅನ್ಯಾಯಕ್ಕೆ ಮುಖವಿತ್ತು, ಮೀಸೆಯಿತ್ತು, ಊರಲ್ಲೇ ಮನೆಯಿತ್ತು. ಹಾಗಾಗಿ ನಾಯಕ ತೋಳು ಮಡಚಿ ಅವನ ಎದುರು ನಿಂತರೆ ಕಥೆ ಮುಗಿಯುತ್ತಿತ್ತು. ಅರಭಟ್ಟನ ಬಂಡೆಗಲ್ಲಿನ ನ್ಯಾಯ ಅದು.

ಇಂಥ ಕಥೆಗಳಲ್ಲಿ ಮಕ್ಕಳ ಕೆಲಸವೇನು? ಹೆಚ್ಚಿನಂಶ ಅಳುವುದು, ಕಾಯುವುದು. ಮಕ್ಕಳೇ ಮುಖ್ಯವಾದ ಚಿತ್ರಗಳು ಬಂದಾಗಲೂ ಪ್ರಶ್ನೆ ಬೇಗ ಬರಲಿಲ್ಲ. ಗೀತಪ್ರಿಯರ ‘ಪುಟಾಣಿ ಏಜೆಂಟ್ 123’ (1979) ಮಕ್ಕಳನ್ನು ಪತ್ತೇದಾರರನ್ನಾಗಿ ಮಾಡಿತು, ಅದು ಸಾಹಸದ ಖುಷಿ. ಎನ್. ಲಕ್ಷ್ಮೀನಾರಾಯಣರ ‘ಬೆಟ್ಟದ ಹೂವು’ (1985) ಚಿತ್ರದಲ್ಲಿ ಪುನೀತ್ ಮಾಡಿದ ರಾಮು ಪುಸ್ತಕಕ್ಕೆಂದು ಕೂಡಿಟ್ಟ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ನೋಡಿದವರೆಲ್ಲ ಕಣ್ಣೊರೆಸಿಕೊಂಡೆವು. ಆದರೆ ಒಂದು ಮಗು ಪುಸ್ತಕ ಮತ್ತು ಕಂಬಳಿಗಳ ನಡುವೆ ಒಂದನ್ನೇ ಯಾಕೆ ಆರಿಸಬೇಕಾಯಿತು ಅಂತ ಚಿತ್ರದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ನಾಗಾಭರಣರ ‘ಚಿನ್ನಾರಿ ಮುತ್ತ’ (1993) ತನ್ನ ಕಾಲಿನ ಬಲದಿಂದ ಓಡಿ ಗೆದ್ದ. ಓಡಲಾರದ ಮುತ್ತಂದಿರ ಗತಿ?

ಒಂದು ವರ್ಷದ ನಂತರ ಅದೇ ವಿಜಯ ರಾಘವೇಂದ್ರ ಕೊಟ್ರೇಶಿಯಾಗಿ ಬಂದ. ಕುಂ. ವೀರಭದ್ರಪ್ಪನವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ ‘ಕೊಟ್ರೇಶಿ ಕನಸು’ (1994). ಕೂಡ್ಲಿಗಿ-ಕೊಟ್ಟೂರು ಕಡೆಯ ಮಾತು, ಮಣ್ಣು. ಈ ದಲಿತ ಹುಡುಗನಿಗೆ ಬೇಕಾದದ್ದು ದಾನವೂ ಅಲ್ಲ, ಪದಕವೂ ಅಲ್ಲ. ಮುಂದೆ ಓದಬೇಕು, ಅಷ್ಟೇ. ಅದಕ್ಕೆ ಜಾತಿ ಅಡ್ಡ ನಿಲ್ಲುತ್ತದೆ. ನನ್ನ ಪ್ರಕಾರ ನಮ್ಮ ಸಿನಿಮಾದಲ್ಲಿ ಮಗುವೊಂದು ಕರುಣೆ ಬಿಟ್ಟು ಹಕ್ಕನ್ನು ಕೇಳಿದ್ದು ಇಲ್ಲಿ ಗಟ್ಟಿಯಾಗಿ ಕೇಳಿಸಿತು. 2006ರಲ್ಲಿ ಬಂದ ‘ಕೇರ್ ಆಫ್ ಫುಟ್‌ಪಾತ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೊಳೆಗೇರಿಯ ಹುಡುಗ ಶಾಲೆಗೆ ಹೋಗಬಯಸುವ ಕಥೆ. ನಿರ್ದೇಶಿಸಿದ ಕಿಶನ್ ಸ್ವತಃ ಹತ್ತರ ಆಸುಪಾಸಿನ ಬಾಲಕ! ಗಿನ್ನೆಸ್ ದಾಖಲೆಯ ಸುದ್ದಿಯಲ್ಲಿ ನಾವು ಮುಖ್ಯವಾದದ್ದನ್ನು ಮರೆತೆವು. ರಸ್ತೆ ಬದಿ ಪತ್ರಿಕೆ ಮಾರುವ ಮಕ್ಕಳನ್ನು ಕಂಡು, ಇವರೇಕೆ ಶಾಲೆಗೆ ಹೋಗುವುದಿಲ್ಲ ಅಂತ ಅವನು ಅಪ್ಪನನ್ನು ಕೇಳಿದ್ದರಿಂದ ಆ ಚಿತ್ರ ಹುಟ್ಟಿತು.

ತೋಳಿನ ಕಥೆ ಹಿಂದೆ ಸರಿದು ಪ್ರಶ್ನೆಯ ಕಥೆ ಮುಂದೆ ಬರಲು ಕಾರಣವೇನು? ನನಗನ್ನಿಸುವುದು, ಅನ್ಯಾಯ ತನ್ನ ವಿಳಾಸ ಬದಲಿಸಿತು. ಇದಕ್ಕೆ ಬಾಗಲಕೋಟೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ಹಿನ್ನೀರು ಏರುತ್ತಾ ಬಂದು ಹಳ್ಳಿಗಳು ಹೋದವು, ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ನೀರು ನುಗ್ಗದಂತೆ ಸುತ್ತ ಬಾವಿಯಂಥ ಗೋಡೆ ಕಟ್ಟಬೇಕಾಯಿತು. ಹೊಲ ಕಳಕೊಂಡವನು ಈಗ ಯಾರ ಎದುರು ತೋಳು ಮಡಚಬೇಕು? ಎದುರಿಗೆ ಮೀಸೆಯ ಸಾಹುಕಾರನಿಲ್ಲ. ಒಂದು ನೋಟೀಸು ಇದೆ, ಸರ್ವೆ ನಂಬರ್ ಇದೆ, ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವ ಕಡತ ಇದೆ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕಡಿಮೆಯಾಯಿತು ಅಂದರೆ ಗಡುವಿನೊಳಗೆ ಲಿಖಿತ ಅರ್ಜಿ ಕೊಟ್ಟು ಕೋರ್ಟಿಗೆ ಒಯ್ಯುವಂತೆ ಕೇಳಬೇಕಿತ್ತು. ಓದಲು ಬಾರದವನಿಗೆ ಗಡುವು ಅಂದರೇನು? ಓದಿ ಹೇಳುವವನಿಗೆ ಕೈಬಿಸಿ ಮಾಡಬೇಕು, ಬರೆದು ಕೊಡುವವನಿಗೆ ಕೈಬಿಸಿ ಮಾಡಬೇಕು. ಇಂಥ ಮನೆಗಳಲ್ಲಿ ಎಷ್ಟೋ ಸಲ ಕಾಗದ ಓದಬಲ್ಲವರೆಂದರೆ ಸಾಲಿಗೆ ಹೋಗುವ ಮಗ, ಮಗಳು ಮಾತ್ರ. ಅನ್ಯಾಯ ಕಾಗದಕ್ಕೆ ಇಳಿದ ದಿನ ನ್ಯಾಯದ ಕೀಲಿಕೈ ಅಕ್ಷರ ಬಲ್ಲ ಮಗುವಿನ ಕೈಗೆ ಬಂತು.

ಈಗ ಕಾಸರಗೋಡಿನ ಚಿತ್ರಕ್ಕೆ ಮರಳೋಣ. ಅಲ್ಲೂ ಖಳನ ಆಯುಧ ಆದೇಶಪತ್ರವೇ. ಕನ್ನಡ ಬಾರದ ಗಣಿತ ಮೇಷ್ಟ್ರು ಬರುತ್ತಾರೆ, ಕೊನೆಗೆ ಶಾಲೆಗೇ ಬೀಗ ಬೀಳುತ್ತದೆ. ಇದರ ಹಿಂದೆ ನಿಜವಾದ ಇತಿಹಾಸವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದರೂ ಅದು ಜಾರಿಯಾಗಲಿಲ್ಲ. ಕನ್ನಡ ಬಾರದ ಶಿಕ್ಷಕರ ನೇಮಕದ ವಿರುದ್ಧ ಅಲ್ಲಿ ಮಕ್ಕಳು, ಪಾಲಕರು ಬೀದಿಗಿಳಿದದ್ದೂ ನಿಜವೇ. ಚಿತ್ರ ಇದನ್ನೆಲ್ಲ ನಗಿಸುತ್ತಾ ಹೇಳಿತು, ಅದು ದೊಡ್ಡ ಗೆಲುವು. ಒಂದೇ ಒಂದು ತಕರಾರು ನನ್ನದು. ಕೋರ್ಟಿನಲ್ಲಿ ಗೆಲ್ಲಿಸಲು ಮೈಸೂರಿನಿಂದ ಅನಂತನಾಗ್ ಬರಬೇಕಾಯಿತು. ಅವರ ಮಾತಿಗೆ ನಾನೂ ಚಪ್ಪಾಳೆ ಹೊಡೆದೆ, ಸುಳ್ಳೇಕೆ ಹೇಳಲಿ? ಆದರೆ ತೋಳಿನ ಜಾಗಕ್ಕೆ ನಾಲಿಗೆ ಬಂತು, ನಾಯಕ ಹಾಗೇ ಉಳಿದ. ಮಕ್ಕಳು ಮತ್ತೆ ಹಿಂದಿನ ಬೆಂಚಿಗೆ ಹೋದರು.

ಸಿನಿಮಾಕ್ಕಿಂತ ಎಷ್ಟೋ ಮೊದಲೇ ನಿಜವಾದ ಮಕ್ಕಳು ಮುಂದೆ ಹೋಗಿದ್ದರು ಅನ್ನುವುದಕ್ಕೆ ಈ ಮಾತು ಹೇಳಿದೆ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಭೀಮಸಂಘ ಕಟ್ಟಿಕೊಂಡರು. ಆ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳೇ ಓಟು ಹಾಕಿ ಆರಿಸುವ ಮಕ್ಕಳ ಪಂಚಾಯ್ತಿಗಳು ಶುರುವಾದವು. ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಅನ್ನುವಂಥ ಮಾತುಗಳನ್ನು ದೊಡ್ಡವರ ಪಂಚಾಯ್ತಿಯ ಮುಂದಿಟ್ಟರು. ಆಮೇಲೆ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಬಂತು. ಅಲ್ಲಿ ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ ಅಂತ ಕೈ ಎತ್ತಿ ಹೇಳುವ ಹುಡುಗಿಗೆ ಹಿನ್ನೆಲೆ ಸಂಗೀತ ಇರುವುದಿಲ್ಲ. ಆದರೂ ಪಿಡಿಒ ಅದನ್ನು ಬರೆದುಕೊಳ್ಳಬೇಕು.

ನಮ್ಮ ಇಳಕಲ್ಲಿನಲ್ಲೇ ಅಂಥ ಒಂದು ಸಿನಿಮಾಕ್ಕೆ ಬೇಕಾದಷ್ಟು ಕಥೆಯಿದೆ. ತೋಪು ತೆನಿಯ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸುವ ಕೆಲಸ ಒಬ್ಬರಿಂದಾಗುವುದಲ್ಲ, ಮನೆಮಂದಿ ಎಲ್ಲ ಕೈ ಹಚ್ಚಬೇಕು. ಕಂಡಿಕೆ ಸುತ್ತುವ ಪುಟ್ಟ ಕೈಗಳು ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಮನೆಯವರೇ ಸೇರಿ ನಡೆಸುವ ಕೆಲಸವನ್ನು ಹೊರಗಿಟ್ಟಿತ್ತು. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನು ನಿಷೇಧಿಸಿದರೂ ಶಾಲೆ ಬಿಟ್ಟ ಮೇಲೆ ಮನೆ ಕಸುಬಿಗೆ ನೆರವಾಗಬಹುದು ಅನ್ನುತ್ತದೆ. ನೆರವು ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಶುರುವಾಗುತ್ತದೆ? ಈ ಮಗುವಿನ ಎದುರಾಳಿ ಅಪ್ಪನಂತೂ ಅಲ್ಲ, ಅವನೂ ಕೂಲಿ ದರಕ್ಕೆ ಕಟ್ಟುಬಿದ್ದವನು. ತೋಳು ಮಡಚುವ ನಾಯಕನಿಗೆ ಇಲ್ಲಿ ಕೆಲಸವೇ ಇಲ್ಲ. ಸೀರೆಗೆ ಅಂಗಡಿಯಲ್ಲಿ ಎಷ್ಟು, ನಮ್ಮಪ್ಪನಿಗೆ ಎಷ್ಟು ಅಂತ ಲೆಕ್ಕ ಹಾಕಿ ಕೇಳುವ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬೇಕು.

ಗೆಳೆಯರೇ, ಕೊನೆಗೊಂದು ಕೋರಿಕೆ. ಕಂಪನಿ ನಾಟಕ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ: ಸಾಹುಕಾರನಿಗೆ ಎದುರು ಮಾತಾಡಿದ ಮಗುವಿನ ಪಾತ್ರ ಯಾವ ನಾಟಕದಲ್ಲಾದರೂ ಇತ್ತೇ? ಇದ್ದರೆ ಯಾರು ಮಾಡುತ್ತಿದ್ದರು, ಏನು ಕೇಳುತ್ತಿತ್ತು ಆ ಮಗು? ಅವರು ಹೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಓದಲು ಕಾದಿದ್ದೇನೆ.