ಊರಿಗೆ ಎಷ್ಟು ಅಧಿಕಾರ?

ಬೀದರ್ ಜಿಲ್ಲೆಯ ಕೊಡಂಬಲದಲ್ಲಿ ಇಬ್ಬರು ರೈತರಿಗೆ ಹೊಲದ ಬದುವಿನ ವಿಷಯದಲ್ಲಿ ಜಗಳ ಬಂತೆಂದು ಇಟ್ಟುಕೊಳ್ಳಿ. ಜಗಳ ಗ್ರಾಮ ಪಂಚಾಯತಿಯವರೆಗೆ ಹೋಯಿತು. ಅಧ್ಯಕ್ಷರು ಇಬ್ಬರ ಮಾತನ್ನೂ ಕೇಳಿ, 'ತಪ್ಪು ನಿನ್ನದೇ, ಐದು ಸಾವಿರ ರೂಪಾಯಿ ದಂಡ ಕಟ್ಟು' ಎಂದು ಒಬ್ಬನಿಗೆ ಹೇಳಬಹುದೇ? ಹೇಳಬಹುದೆಂದೇ ನಿಮ್ಮಲ್ಲಿ ಹಲವರು ಉತ್ತರಿಸುತ್ತೀರಿ. ಅದು ನಿಮ್ಮ ತಪ್ಪಲ್ಲ. ನಮ್ಮ ಆಡುಮಾತಿನಲ್ಲಿ 'ಪಂಚಾಯತಿ ಮಾಡುವುದು' ಎಂದರೆ ನ್ಯಾಯ ತೀರ್ಮಾನ ಮಾಡುವುದೇ ಆಗಿದೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಅದೇ ರೈತ ಊರ ಬೀದಿಯನ್ನು ಒತ್ತಿ ಮನೆಯ ಕಟ್ಟೆ ಕಟ್ಟಿದ್ದರೆ ಅದನ್ನು ತೆರವು ಮಾಡಿಸುವ ಅಧಿಕಾರ ಪಂಚಾಯತಿಗಿದೆ. ಬದುವಿನ ಜಗಳದಲ್ಲಿ ತೀರ್ಪು ಕೊಡುವ ಅಧಿಕಾರ ಮಾತ್ರ ಅದಕ್ಕಿಲ್ಲ.

ಈ ವ್ಯತ್ಯಾಸ ಹೇಗೆ ಬಂತೆಂದು ತಿಳಿಯಲು ಸುಮಾರು ಒಂಬೈನೂರು ವರ್ಷ ಹಿಂದಕ್ಕೆ ಹೋಗಬೇಕು. ದೂರದ ಊರಿಗೇನೂ ಹೋಗಬೇಕಾಗಿಲ್ಲ, ನೆರೆಯ ಬಸವಕಲ್ಯಾಣವೇ ಸಾಕು. ಆಗ ಅದು ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಪಾಲಿನ ವಿಷಯದಲ್ಲಿ ಬಂಗಾಳ, ಅಸ್ಸಾಂ ಬಿಟ್ಟು ಬಹುಪಾಲು ಭಾರತದ ನ್ಯಾಯಾಲಯಗಳು ಈ ಗ್ರಂಥವನ್ನೇ ಆಧಾರವಾಗಿ ಹಿಡಿದಿದ್ದವು. ಹೀಗಾಗಿ 'ಮಿತಾಕ್ಷರಾ' ಎಂದೊಡನೆ ಎಲ್ಲರಿಗೂ ಪಿತ್ರಾರ್ಜಿತ ಆಸ್ತಿಯ ನೆನಪಾಗುತ್ತದೆ. ಊರಿನ ಅಧಿಕಾರದ ಬಗ್ಗೆ ಅದರಲ್ಲಿರುವ ಮಾತು ಅಷ್ಟು ಪ್ರಸಿದ್ಧವಲ್ಲ.

ಅರಸನು ನೇಮಿಸಿದ ನ್ಯಾಯಾಧಿಕಾರಿಗಳ ಕೆಳಗೆ ವ್ಯಾಜ್ಯ ತೀರಿಸುವ ಮೂರು ಕೂಟಗಳನ್ನು ಆ ಗ್ರಂಥ ಹೇಳುತ್ತದೆ. ಬಂಧುಬಳಗದವರು ಸೇರಿದರೆ 'ಕುಲ'. ಒಂದೇ ಕಸುಬಿನಿಂದ ಬದುಕುವವರು, ಉದಾಹರಣೆಗೆ ಎಲೆಯಡಿಕೆ ಮಾರುವವರು, ನೇಕಾರರು, ಚರ್ಮದ ಕೆಲಸದವರು, ಬೇರೆಬೇರೆ ಜಾತಿಯವರಾಗಿದ್ದರೂ ಅವರ ಕೂಟ 'ಶ್ರೇಣಿ'. ಜಾತಿಯೂ ಕಸುಬೂ ಬೇರೆಯಾಗಿದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಕೂಟ 'ಪೂಗ'. ಇದಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಯೇ ಗ್ರಾಮ ಮತ್ತು ನಗರ. ಕುಲದ ತೀರ್ಪು ಒಪ್ಪಿಗೆಯಾಗದಿದ್ದರೆ ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಆಮೇಲೆ ಅರಸನ ಅಧಿಕಾರಿಗಳಿಗೆ ಹೋಗಬಹುದಿತ್ತು. ಅಂದರೆ ಊರು ನ್ಯಾಯಾಲಯವೂ ಆಗಿತ್ತು, ಅದೂ ಮೇಲ್ಮನವಿ ಕೇಳುವ ನ್ಯಾಯಾಲಯ! ಸಮೂಹದ ಸೊತ್ತನ್ನು ಕದ್ದವನಿಗೆ, ಸಮೂಹದ ಕಟ್ಟಳೆಯನ್ನು ಮೀರಿದವನಿಗೆ ಸರ್ವಸ್ವವನ್ನೂ ಕಸಿದು ಗಡೀಪಾರು ಮಾಡಬೇಕೆಂಬ ವಿಧಿಯೂ ಮೂಲ ಸ್ಮೃತಿಯಲ್ಲಿದೆ.

ಇಷ್ಟು ಕೇಳಿ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಊರಿನ ಪರವಾಗಿ ಕುಳಿತವರು ಯಾರು? ಆ ಕಾಲದ ಶಾಸನಗಳಲ್ಲಿ ಕಾಣುವವರು ಗಾವುಂಡರು, ಮಹಾಜನರು, ಸೆಟ್ಟಿಗಳು. ಕೂಲಿಯವನು, ಊರ ಹೊರಗೆ ಇರಿಸಲ್ಪಟ್ಟವನು, ಹೆಂಗಸರು ಆ ಸಾಲಿನಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ನಿಜಾಮರ ಕಾಲಕ್ಕೆ ಬಂದರೆ ಈ ಸೀಮೆಯಲ್ಲಿ ಊರಿನ ಅಧಿಕಾರವೆಂದರೆ ಮಾಲಿ ಪಟೇಲ, ಪೊಲೀಸ್ ಪಟೇಲ ಮತ್ತು ಪಟವಾರಿ, ಅವರ ಮೇಲೆ ಹಲವೆಡೆ ಜಾಗೀರದಾರ. ಊರಿನ ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, ಮರುವರ್ಷ ಜಾಗೀರುಗಳು ರದ್ದಾದವು.

ಅದೇ 1948ರ ನವೆಂಬರಿನಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆಯೇ ಬಿಸಿ ಚರ್ಚೆ ನಡೆಯುತ್ತಿತ್ತು. ಹಳ್ಳಿಯನ್ನು ಆಡಳಿತದ ಮೂಲ ಘಟಕ ಮಾಡಬೇಕೆಂಬವರಿಗೆ ಡಾ. ಅಂಬೇಡ್ಕರ್ ಅವರು ನವೆಂಬರ್ 4ರಂದು ಖಾರವಾಗಿಯೇ ಉತ್ತರಿಸಿದರು. ಹಳ್ಳಿ ಸಂಕುಚಿತ ಮನಸ್ಸಿನ ಗೂಡೆಂಬುದು ಅವರ ವಾದ. ಹಲವು ಸದಸ್ಯರು ಇದಕ್ಕೆ ಬೇಸರಗೊಂಡರು. ಕೊನೆಗೆ ನವೆಂಬರ್ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯಂತೆ ಈಗಿನ 40ನೆಯ ಅನುಚ್ಛೇದ ಸೇರಿತು: ರಾಜ್ಯವು ಗ್ರಾಮ ಪಂಚಾಯತಿಗಳನ್ನು ರಚಿಸಲು ಕ್ರಮ ಕೈಗೊಳ್ಳಬೇಕು. ಆದರೆ ಇದು ನಿರ್ದೇಶಕ ತತ್ವ. ಸರ್ಕಾರ ಇದನ್ನು ಪಾಲಿಸಲಿಲ್ಲವೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿತ್ತೆಂದೇ ನನಗೆ ಅನ್ನಿಸುತ್ತದೆ. ಮುಂದಿನ ಕಾಯ್ದೆಗಳೆಲ್ಲ ಈ ಎರಡು ಮಾತುಗಳ ನಡುವೆಯೇ ದಾರಿ ಹುಡುಕಿವೆ.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿ ಹೈದರಾಬಾದಿನ ಪಂಚಾಯತಿ ಕಾಯ್ದೆ, ಧಾರವಾಡದ ಕಡೆ ಮುಂಬಯಿಯದು, ಮಂಗಳೂರಿನಲ್ಲಿ ಮದ್ರಾಸಿನದು. ಒಂದೇ ರಾಜ್ಯ, ಹಲವು ಕಾನೂನು. 1959ರ ಕಾಯ್ದೆ ಇವನ್ನು ಒಂದುಗೂಡಿಸಿತು. ನಿಜವಾದ ಬದಲಾವಣೆ ಬಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ. 1983ರ ಮಸೂದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ. ಮಂಡಲ ಪಂಚಾಯತಿಗಳಲ್ಲಿ ಶೇಕಡ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಆ ಕಾಯ್ದೆಯ ಹೆಸರಿನಲ್ಲೇ 'ನ್ಯಾಯ ಪಂಚಾಯತಿ' ಎಂಬ ಮಾತೂ ಇತ್ತು. ಆದರೆ ಅದು ಹೆಸರಿನಲ್ಲೇ ಉಳಿಯಿತು.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮೇ 10ರಂದು ಕರ್ನಾಟಕದ ಹೊಸ ಪಂಚಾಯತಿ ಕಾಯ್ದೆಯೂ ಬಂತು. ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಇಲ್ಲಿ ಒಂದು ಸೂಕ್ಷ್ಮವಿದೆ. ಪಂಚಾಯತಿ ಇರಲೇಬೇಕು, ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನ ಕಟ್ಟುನಿಟ್ಟಾಗಿ ಹೇಳಿದೆ. ಯಾವ ಅಧಿಕಾರ ಕೊಡಬೇಕೆಂಬುದನ್ನು ಮಾತ್ರ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆಯಷ್ಟೆ. ವಿಜ್ಞಾನ ಓದಿದವನ ಭಾಷೆಯಲ್ಲಿ ಹೇಳುವುದಾದರೆ, ತಂತಿ ಎಳೆದಾಗಿದೆ, ಅದರಲ್ಲಿ ಎಷ್ಟು ವಿದ್ಯುತ್ ಹರಿಯಬೇಕೆಂಬುದು ಬೆಂಗಳೂರಿನ ಕೈಯಲ್ಲಿದೆ.

ಹಾಗಾದರೆ ನಮ್ಮ ಕಾಯ್ದೆ ಏನೇನು ಕೊಟ್ಟಿದೆ? ಕುಡಿಯುವ ನೀರು, ಚರಂಡಿ, ಬೀದಿ ದೀಪ, ಜನನ ಮರಣ ವರದಿ, ಮಕ್ಕಳೆಲ್ಲ ಶಾಲೆಗೆ ಸೇರುವಂತೆ ನೋಡುವುದು, ಇವು ಪಂಚಾಯತಿಯ ಕಡ್ಡಾಯ ಕೆಲಸಗಳು. ಮನೆ ಕಟ್ಟಲು ಅದರ ಅನುಮತಿ ಬೇಕು. ಕಟ್ಟಡಗಳ ಮೇಲೂ ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೂ ಅದು ತೆರಿಗೆ ಹಾಕಬಹುದು. ಉಳುವ ಹೊಲಕ್ಕೆ ಹಾಕುವಂತಿಲ್ಲ. ಕಾನೂನು ಮೀರಿದ ಠರಾವು ಮಾಡಿದರೆ ಮೇಲಿನ ಅಧಿಕಾರಿಗಳು ಅದನ್ನು ತಡೆಹಿಡಿಯಬಹುದು. ತೆರಿಗೆ ಹಾಕುವ ಅಧಿಕಾರವಿದ್ದರೂ ನೆರೆಹೊರೆಯವರ ಮುಖ ನೋಡಿ ವಸೂಲಿಗೆ ಹಿಂಜರಿಯುವ ಸದಸ್ಯರು ಎಲ್ಲೆಲ್ಲೂ ಇದ್ದಾರೆ. ಹಣಕ್ಕಾಗಿ ಸರ್ಕಾರದತ್ತ ಕೈಯೊಡ್ಡುವ ಪಂಚಾಯತಿಗೆ ಸ್ವಂತ ಮಾತು ಎಲ್ಲಿಂದ ಬರಬೇಕು?

ತೀರ್ಪು ಕೊಡುವ ಅಧಿಕಾರ ಈ ಪಟ್ಟಿಯಲ್ಲಿಲ್ಲ. ಕಟ್ಟೆಯ ಮೇಲೆ ಕುಳಿತ ಹಿರಿಯರು ರಾಜಿ ಮಾಡಿಸಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ದಂಡ ಹಾಕುವುದು, ಒಂದು ಮನೆಗೆ ಬೆಂಕಿ ನೀರು ಕೊಡಬೇಡಿರೆಂದು ಡಂಗುರ ಸಾರಿಸುವುದು ಅಧಿಕಾರವಲ್ಲ. ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲಾದರೆ ಅಂಥ ಬಹಿಷ್ಕಾರ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೆಸರಿಸಿದೆ. ವಯಸ್ಕರಿಬ್ಬರ ಮದುವೆಗೆ ಅಡ್ಡಬರಲು ಜಾತಿ ಪಂಚಾಯತಿಗಳಿಗೆ ಹಕ್ಕಿಲ್ಲವೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಬದುವಿನ ಜಗಳಕ್ಕೆ ಭೂಮಾಪನದವರು ಹೊಲ ಅಳೆದುಕೊಡಬೇಕು. ಅದರಿಂದಲೂ ತೀರದಿದ್ದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ನಿಮಗೆ ಹದಿನೆಂಟು ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬಂದ ದಿನವೇ ನೀವು ಗ್ರಾಮ ಸಭೆಯ ಸದಸ್ಯರು. ಅದಕ್ಕೆ ಅರ್ಜಿ ಬೇಡ, ಯಾರ ಶಿಫಾರಸೂ ಬೇಡ. ಬೀದಿ ದೀಪಕ್ಕೆ ಎಷ್ಟು ಖರ್ಚಾಯಿತು, ಯಾರ ಮನೆ ತೆರಿಗೆ ಬಾಕಿ ಇದೆ ಎಂದು ಆ ಸಭೆಯಲ್ಲಿ ಎದ್ದು ಕೇಳಬಹುದು.